ವಾರಕ್ಕೊಮ್ಮೆ ಹೊತ್ತುವ ಒಲೆ

ಭಿಕ್ಷೆ ಮುಗಿಸಿ ಬಂದ ಶಿಷ್ಯ ಜೋಳಿಗೆ ಇಳಿಸಿ ಮುಖ ಸಿಂಡರಿಸಿದ. “ಗುರುಗಳೇ, ನೇಕಾರರ ಓಣಿಯಲ್ಲಿ ಯಾವ ಮನೆಗೆ ಹೋದರೂ ಒಣ ರೊಟ್ಟಿ, ಚಟ್ನಿಪುಡಿ. ದುಡಿಯುವ ಜನ, ಬಿಸಿಯಾಗಿ ಏನಾದರೂ ಮಾಡಿಕೊಂಡು ಉಣ್ಣಬಾರದೇ? ಅವರ ನಾಲಿಗೆಗೆ ರುಚಿಯೇ ಬೇಡವೇ?”

ಗುರು ನಕ್ಕರು. “ಪಾಪ, ನಾಲಿಗೆಯ ಮೇಲೆ ತಪ್ಪು ಹೊರಿಸುವುದು ಬಹಳ ಸುಲಭ. ಕೂತುಕೋ” ಎಂದು ಕತೆ ಹೇಳತೊಡಗಿದರು.

ಒಬ್ಬ ನೇಕಾರನಿದ್ದ. ಅವನದು ಒಂದೇ ಕೋಣೆಯ ಮನೆ. ಅರ್ಧ ಕೋಣೆ ಮಗ್ಗಕ್ಕೆ. ಉಳಿದ ಅರ್ಧ ಅವನಿಗೆ, ಹೆಂಡತಿಗೆ, ಹಲ್ಲಿಲ್ಲದ ಮುದಿ ತಾಯಿಗೆ. ಒಲೆಯೂ ಆ ಅರ್ಧದಲ್ಲೇ. ಊರಿನ ವ್ಯಾಪಾರಿಯೊಬ್ಬ ರೇಷ್ಮೆ ನೂಲು ಕೊಟ್ಟು, ಸೀರೆ ನೇಯಿಸಿಕೊಂಡು, ಕೂಲಿ ಕೊಡುತ್ತಿದ್ದ. ಅವನು ಕೆಟ್ಟವನೇನಲ್ಲ. ಕಣ್ಣಿಗೆ ಕಂಡದ್ದೆಲ್ಲ ತನಗೆ ತಿಳಿಯಿತು ಎಂದುಕೊಳ್ಳುವವನು, ಅಷ್ಟೇ. ಇಂಥವರು ಊರಿಗೆ ಹತ್ತು ಮಂದಿ ಸಿಗುತ್ತಾರೆ, ಮಠದಲ್ಲೂ ಒಬ್ಬಿಬ್ಬರು ಇರುತ್ತಾರೆ.

ವ್ಯಾಪಾರಿ ಯಾವಾಗ ಬಂದರೂ ಆ ಮನೆಯಲ್ಲಿ ಒಣ ರೊಟ್ಟಿ. ಮುದುಕಿಗೆ ಮಾತ್ರ ಸೊಸೆ ರೊಟ್ಟಿಯನ್ನು ನೀರಿನಲ್ಲಿ ನೆನೆಸಿ ಕೊಡುತ್ತಿದ್ದಳು. ಚಳಿ ಶುರುವಾದ ಮೇಲೆ ಅದೂ ಅವಳ ಗಂಟಲಿಗೆ ಇಳಿಯದಾಯಿತು. ಹೊಟ್ಟೆಗೆ ಬಿಸಿಯಾದದ್ದು ಬೀಳದಿದ್ದರೆ ಮುದುಕಿ ಬಹಳ ದಿನ ಉಳಿಯುವುದಿಲ್ಲ ಎಂದು ವೈದ್ಯ ಹೇಳಿ ಹೋದ. ಅದನ್ನು ಕೇಳಿ ವ್ಯಾಪಾರಿ ಅಕ್ಕಿ, ಬೇಳೆ, ಒಂದು ಗಡಿಗೆ ತುಪ್ಪ ಕಳಿಸಿದ.

ನಾಲ್ಕು ದಿನ ಬಿಟ್ಟು ಬಂದು ನೋಡಿದರೆ ಅಕ್ಕಿಯ ಚೀಲದ ಬಾಯಿ ಬಿಚ್ಚಿರಲಿಲ್ಲ. ಮುದುಕಿ ಗೋಡೆಗೆ ಒರಗಿ ನೆನೆದ ರೊಟ್ಟಿ ಚೀಪುತ್ತಿದ್ದಳು. ವ್ಯಾಪಾರಿಗೆ ಸಿಟ್ಟು ನೆತ್ತಿಗೇರಿತು.

“ಕೊಟ್ಟಿದ್ದನ್ನ ಮಾಡ್ಕೊಂಡು ಉಣ್ಣಾಕೂ ಬರೂದಿಲ್ಲೇನ ನಿಮಗ?”

ನೇಕಾರನ ಹೆಂಡತಿ ಮೆಲ್ಲಗೆ ಹೇಳಿದಳು: “ಬರತೈತ್ರಿ ಸಾವ್ಕಾರ್ರ. ಆದ್ರ ಮಗ್ಗದ ಮ್ಯಾಲ ನಿಮ್ಮ ಸೀರಿ ಐತ್ರಿ. ಒಲಿ ಹಚ್ಚಿದ್ರ ಹೊಗಿ ಅದಕ್ಕ ಬಡೀತೈತಿ. ಹೊಗಿ ವಾಸನಿ ಬಂದ್ರ ಕೂಲಿ ಇಲ್ಲ ಅಂತ ನೀವ ಹೇಳೀರಲ್ರಿ. ಕೂಲಿ ಹೋದ್ರ ಈ ಒಣಾ ರೊಟ್ಟಿನೂ ಇಲ್ರಿ. ಸೀರಿ ಇಳಿದ ದಿನ ಒಲಿ ಹಚ್ಚಿ, ವಾರದ ರೊಟ್ಟಿ ಎಲ್ಲಾ ಬಡದು ಇಟ್ಕೋತೀವ್ರಿ.”

ಒಲೆಯನ್ನು ಹೊರಗಿಡಲು ಜಾಗವಿದೆಯೇ ಎಂದು ವ್ಯಾಪಾರಿ ಮನೆಯ ಮುಂದೆ ನೋಡಿದ. ಇಬ್ಬರು ಎದುರಾದರೆ ಒಬ್ಬರು ಹಿಂದೆ ಸರಿಯಬೇಕು, ಅಂಥ ಓಣಿ. ಮನೆಯ ಹಿಂದೆ ನೋಡಿದ. ಬೇಲಿ ಹಾಕಿದ ಖಾಲಿ ಜಾಗ. ಆ ಜಾಗ ಅವನದೇ.

ಅಂದೇ ತಾನೇ ನಿಂತು ಬೇಲಿ ಕೀಳಿಸಿದ. ಎರಡು ದಿನದಲ್ಲಿ ಅಲ್ಲಿ ನಾಲ್ಕು ಕಂಬ ನಿಂತವು, ಮೇಲೆ ಸೂರು ಬಂತು, ಕೆಳಗೆ ಒಲೆ ಕೂತಿತು. ಸೊಸೆ ಬಿಸಿ ಅನ್ನಕ್ಕೆ ಬೇಳೆಯ ಕಟ್ಟು, ತುಪ್ಪ ಕಲಸಿ ಬಟ್ಟಲಲ್ಲಿ ಅತ್ತೆಗೆ ಕೊಟ್ಟಳು. ಮುದುಕಿ ಮೊದಲು ಆ ಬಟ್ಟಲನ್ನು ಕೆನ್ನೆಗೆ ಒತ್ತಿಕೊಂಡು ಕೂತಳು. ಆಮೇಲೆ ಒಂದು ಅಗುಳೂ ಬಿಡದೆ ಉಂಡಳು. “ನಿನ್ನ ಹೊಟ್ಟಿ ತಣ್ಣಗಿರ್ಲಿ ಯಪ್ಪಾ” ಎಂದು ವ್ಯಾಪಾರಿಗೆ ಕೈ ಮುಗಿದಳು.

ವ್ಯಾಪಾರಿ ಆ ಕೈಗಳನ್ನು ಹಿಡಿದು ಕೆಳಗಿಳಿಸಿ, ತಾನೇ ಅವಳ ಕಾಲಿಗೆ ಎರಗಿದ. ತನ್ನ ಮನೆಯಲ್ಲಿ ಮೂರು ಹೊತ್ತು ಬಿಸಿ ಅಡುಗೆ ಆಗುತ್ತಿದ್ದದ್ದು ಈ ಮನೆಯ ಒಲೆ ಆರಿದ್ದರಿಂದ ಎಂದು ಅವನಿಗೆ ಅಂದು ತಿಳಿಯಿತು. ಇಷ್ಟು ವರ್ಷ ಇವರು ತನ್ನನ್ನು ಸಾಕಿದ್ದಾರೆ ಎಂದು ಅವನ ಎದೆ ತುಂಬಿ ಬಂತು. ಮುದುಕಿ ಅದಾದ ಮೇಲೆ ಇನ್ನೂ ಆರು ವರ್ಷ ಬದುಕಿದಳು.

ಕತೆ ಕೇಳಿ ಶಿಷ್ಯ ಕಣ್ಣೊರೆಸಿಕೊಂಡ. ಆದರೂ ಅವನಿಗೆ ಪೂರ್ತಿ ಸಮಾಧಾನವಾಗಲಿಲ್ಲ. “ವ್ಯಾಪಾರಿ ಅವರ ಋಣ ತಿಳಿದ, ಸರಿ. ನಾನು ಸನ್ಯಾಸಿ. ಜೋಳಿಗೆಗೆ ಬಿದ್ದ ರೊಟ್ಟಿ ಬಿಟ್ಟರೆ ಆ ಓಣಿಯಿಂದ ನಾನು ಪಡೆದದ್ದಾದರೂ ಏನು?”

ಗುರು ಹೇಳಿದರು: “ನೀನು ಉಟ್ಟ ಬಟ್ಟೆಯನ್ನು ಮೂಗಿಗೆ ಹಿಡಿದು ನೋಡು, ಹೊಗೆಯ ವಾಸನೆ ಇದೆಯೇ?”