ಓಟ ಮುಗಿಯುವ ತನಕ

ಇನಾಸ್ ಮಾಸ್ತರರು ಕಾಳಿ ನದಿಯ ದಂಡೆಯ ಮೈದಾನದಲ್ಲಿ ಮೂವತ್ತೆಂಟು ವರ್ಷ ಫುಟ್‌ಬಾಲ್ ಕಲಿಸಿದರು. ಅವರು ತೀರಿಕೊಂಡ ಮೇಲೆ ಶಿಷ್ಯರು ಎಲ್ಲಿ ಕೂಡಿದರೂ ಗೆದ್ದ ಪಂದ್ಯಗಳ ಮಾತು ಬೇಗ ಮುಗಿಯುತ್ತದೆ. ಆಮೇಲೆ ಯಾರಾದರೂ ಈ ಒಂದು ದಿನದ ವಿಷಯ ತೆಗೆಯುತ್ತಾರೆ.

ಮಂಗೇಶ ಅವರ ಹಳೆಯ ಶಿಷ್ಯ. ತಾನೂ ಕೋಚ್ ಆಗಿ ಪಕ್ಕದ ಊರಿನಲ್ಲಿ ಆಟ ಕಲಿಸುತ್ತಿದ್ದ.

ಏಪ್ರಿಲ್‌ನ ಒಂದು ಮಧ್ಯಾಹ್ನ, ಪಂದ್ಯ ಸೋತ ಸಿಟ್ಟಿಗೆ, ಇಡೀ ತಂಡವನ್ನು ಮೈದಾನದ ಸುತ್ತ ಓಡಿಸಿದ. ಇಪ್ಪತ್ತು ಸುತ್ತು. ಹದಿನೇಳನೆಯ ಸುತ್ತಿನಲ್ಲಿ ಸಂದೇಶ ಎಂಬ ಆಟಗಾರ ಬಿದ್ದ. ಮತ್ತೆ ಏಳಲಿಲ್ಲ. ಅವನಿಗೆ ಹದಿನಾರು ವರ್ಷ.

ಒಂಬತ್ತು ದಿನ ಕಳೆದು ಮಂಗೇಶ ಗುರುವಿನ ಮನೆಗೆ ಬಂದ. ಮಾಸ್ತರರು ಜಗಲಿಯಲ್ಲಿ ಕೂತು ಗೋಲಿನ ಹರಿದ ಬಲೆ ಹೊಲಿಯುತ್ತಿದ್ದರು. ಮಂಗೇಶ ತನ್ನ ಸೀಟಿಯನ್ನು ಅವರ ಮುಂದಿಟ್ಟ.

"ಇನ್ನು ಇದು ನನಗೆ ಬೇಡ ಮಾಸ್ತರೇ."

"ಅವನ ಮನೆಗೆ ಹೋಗಿದ್ದೆಯಾ?"

"ಯಾವ ಮುಖ ಇಟ್ಟುಕೊಂಡು ಹೋಗಲಿ? ಬಿಸಿಲಿನಿಂದ ಆಯಿತು ಅಂದರು ಡಾಕ್ಟರು. ಎಲ್ಲರೂ ಹಾಗೇ ಅನ್ನುತ್ತಾರೆ."

"ನೀನು ಏನನ್ನುತ್ತೀಯಾ?"

ಮಂಗೇಶ ತಲೆ ತಗ್ಗಿಸಿದ.

"ನಡುವೆ ಒಂದು ಸಲ ನೀರು ಕೇಳಿದ್ದ."

"ಕೊಟ್ಟೆಯಾ?"

"ಓಟ ಮುಗಿಯುವ ತನಕ ನೀರಿಲ್ಲ ಅಂದೆ."

ಮಾಸ್ತರರ ಸೂಜಿ ನಿಂತಿತು.

"ಆ ಮಾತು ಎಲ್ಲಿ ಕಲಿತೆ?"

"ನಿಮ್ಮಿಂದ ಮಾಸ್ತರೇ. ನೀವು ದಿನಾ ಹೇಳುತ್ತಿದ್ದಿರಿ. ನೀರು ಕುಡಿದರೆ ಕಾಲು ಭಾರವಾಗುತ್ತದೆ ಅಂತ."

ಮಾಸ್ತರರು ಬಲೆ ಬದಿಗಿಟ್ಟರು. ಆಮೇಲೆ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು. ಇಬ್ಬರೂ ಬಸ್ಸು ಹತ್ತಿದರು.

ಸಂದೇಶನ ತಾಯಿ ಹೊಸಿಲಲ್ಲೇ ನಿಂತು ಮಂಗೇಶನನ್ನು ನೋಡಿದಳು.

"ಜೊತೆಯವರು ಎಲ್ಲ ಹೇಳಿದ್ದಾರೆ. ಒಂದು ಗುಟುಕು ನೀರು ಕೊಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?"

ಮಾಸ್ತರರು ಮುಂದೆ ಬಂದರು.

"ಕೊಡಬಾರದು ಅಂತ ಕಲಿಸಿದವನು ನಾನು, ತಂಗಿ. ಕೊಡದೇ ಇದ್ದವನು ಇವನು. ಬಿಸಿಲಿನ ತಪ್ಪಲ್ಲ."

ಆಕೆ ಇಬ್ಬರನ್ನೂ ನೋಡಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವರು ಅಂಗಳದಲ್ಲೇ ನಿಂತರು. ಒಂದು ಗಂಟೆ ಕಳೆಯಿತು. ಒಳಗಿನಿಂದ ಅಳುವ ಸದ್ದು ಬಂತು, ನಿಂತಿತು, ಮತ್ತೆ ಬಂತು.

"ಹೋಗೋಣ ಮಾಸ್ತರೇ. ಇನ್ನು ಬಾಗಿಲು ತೆಗೆಯುವುದಿಲ್ಲ."

ಮಾಸ್ತರರು ಮೆಟ್ಟಿಲ ಮೇಲೆ ಕೂತರು.

"ನೀನು ಮೈದಾನಕ್ಕೆ ಹೋಗು. ಉಳಿದ ಹುಡುಗರು ಹೆದರಿ ಕೂತಿರುತ್ತಾರೆ. ನಾನು ಇಲ್ಲಿ ಹೇಳಿದ್ದನ್ನೇ ಅವರ ಮುಂದೆಯೂ ಹೇಳು."

"ನೀವು?"

"ಆಕೆ ಬಾಗಿಲು ತೆಗೆದಾಗ ಬೈಯುವುದಕ್ಕೆ ಒಬ್ಬರು ಇಲ್ಲಿರಬೇಕು."