ಜಾಲಿ ಮರಕ್ಕೆ ಹೋದ ಗೂಡುಗಳು

"ಮರ ಬದಲಾದರೂ ಪಕ್ಕದವರು ಪಕ್ಕದಲ್ಲೇ ಇರಲಿ ಕಣ್ರೀ," ಅಂದು ಗೀಜಗನ ಮಡದಿ ಕಣ್ಣು ಮುಚ್ಚಿದಳು.

ಗೂಡುಗಳಿದ್ದ ಈಚಲ ಮರ ಬಾವಿಗೆ ಬೀಳುವಂತೆ ವಾಲಿತ್ತು. ಬಳಗವೆಲ್ಲ ಜಾಲಿಗೆ ಹೋಗಲೇಬೇಕು; ಯಾರು ಎಲ್ಲಿ ಕಟ್ಟಬೇಕೆಂದು ಹೇಳುವ ಹಿರಿಯ ಗೀಜಗನೇ. ಕೂತಲ್ಲಿ ಕೂರಲಾರದೆ, ಹುಲ್ಲೆಳೆ ಕಚ್ಚಿ ಗೂಡಿಂದ ಗೂಡಿಗೆ ದೂರ ಅಳೆದ. ಜಾಲಿಯಲ್ಲೂ ಅಳೆದ. ಒಂದೂ ಹೊಂದಲಿಲ್ಲ.

"ಮಾವ, ಜಾಲಿ ಕೊಂಬೆ ನಿನ್ನ ಅಳತೆ ಕೇಳುತ್ತಾ?" ಅಂತು ಅಳಿಲು. "ಅತ್ತೆ ಎಷ್ಟು ದೂರ ಅಂತ ಹೇಳಿದ್ಲಾ? ಪಕ್ಕ ಅಂದ್ಲು, ಅಷ್ಟೆ."

ಗೀಜಗ ಹುಲ್ಲೆಳೆ ಬಿಟ್ಟ. ಯಾರ ಪಕ್ಕ ಯಾರು ಅಂತಷ್ಟೇ ಕೂಗಿ ಹೇಳಿದ. ಸಂಜೆಯೊಳಗೆ ಎಲ್ಲರಿಗೂ ಕೊಂಬೆ ಸಿಕ್ಕಿತು.

"ನಿನ್ನ ಪಕ್ಕ ಖಾಲಿ ಇದೆ, ನಾನು ಬರ್ಲಾ?" ಅಂತು ಅಳಿಲು.

"ಅಲ್ಲಿ ಜನ ಇದ್ದಾರೆ," ಅಂದ ಗೀಜಗ.

ಮರುದಿನ ಬೆಳಗ್ಗೆ ಅವನು ಹಾಕಿದ ಮೊದಲ ಗಂಟು ಅವಳ ಗೂಡಿನದು.