ಗಾಣದವಳ ಎತ್ತು ಮತ್ತು ಸಿಡಿಲ ದೇವರು

"ಗುರುಗಳೇ, ದೇವರೇ ಬಂದು ಕೇಳಿದಾಗ ಕೊಡುವುದಿಲ್ಲ ಎಂದರೆ ಅದು ಪಾಪವೇ?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ಹೀಗೆ ಹೇಳಿದರು.

ಗ್ರೀಕರ ಕಡಲಿನಲ್ಲಿ ಒಂದು ದ್ವೀಪ. ಅಲ್ಲಿ ಎಣ್ಣೆಗಾಣದ ಹೆಂಗಸೊಬ್ಬಳಿದ್ದಳು. ಗಂಡ ಸತ್ತಿದ್ದ. ಗಾಣ ಸುತ್ತಲು ಇದ್ದದ್ದು ಒಂದೇ ಎತ್ತು. ಅದರ ತಾಯಿ ಈದ ದಿನವೇ ಸತ್ತಿದ್ದರಿಂದ, ಬಟ್ಟೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಚೀಪಿಸಿ ಇವಳೇ ಸಾಕಿದ್ದಳು. ಆ ಎತ್ತು ಹೋದರೆ ಗಾಣವಿಲ್ಲ, ಗಾಣವಿಲ್ಲದಿದ್ದರೆ ಅವಳಿಗೆ ಊಟವಿಲ್ಲ. ಮನೆಯಲ್ಲಿ ಮಾತಾಡಿಸಲು ಬೇರೆ ಜೀವವೂ ಇಲ್ಲ.

ಒಂದು ಸಲ ಆ ಕಡಲಿಗೆ ಹಾವೊಂದು ಬಂತು. ಹಾವೆಂದರೆ ಎಂಥ ಹಾವು? ತಲೆ ಈ ದ್ವೀಪದಲ್ಲಿ ದನ ನುಂಗುತ್ತಿದ್ದರೆ ಬಾಲ ಆಚೆ ದ್ವೀಪದಲ್ಲಿ ಬಿಸಿಲು ಕಾಯಿಸುತ್ತಿತ್ತು. ಅಲ್ಲಿಯ ಜನ ಬಾಲವನ್ನು ಗುಡ್ಡವೆಂದುಕೊಂಡು ಅದರ ಮೇಲೆ ದ್ರಾಕ್ಷಿ ಬಳ್ಳಿ ನೆಟ್ಟಿದ್ದರು. ಇಲ್ಲಿ ಹಸು, ಕರು, ಹೋರಿ ಒಂದೂ ಉಳಿಯಲಿಲ್ಲ. ಕಡೆಗೆ ಹಾವು ಗಾಣದ ಮನೆಯ ಬಾಗಿಲಿಗೂ ತಲೆ ತೂರಿಸಿತು. ಗಾಣದವಳು ಎಣ್ಣೆಯ ಹಂಡೆಯನ್ನೇ ಹೊಸಿಲ ಮೇಲೆ ಬೋರಲು ಹಾಕಿದಳು. ಹಾವು ಜಾರಿತು. ಜಾರಿದ್ದು ಎಲ್ಲಿಯೂ ನಿಲ್ಲದೆ ಸೀದಾ ಕಡಲಿಗೆ ಹೋಗಿ ಬಿತ್ತು. ಹೀಗೆ ಅವಳ ಎತ್ತೊಂದು ಉಳಿಯಿತು. ಇದನ್ನು ಯಾರೂ ಹಾಡು ಕಟ್ಟಿ ಹಾಡಲಿಲ್ಲ.

ಆಮೇಲೆ ಒಬ್ಬ ವೀರ ಬಂದ. ಸಿಡಿಲ ದೇವರು ಜ್ಯೂಸ್ ಇದ್ದಾನಲ್ಲ, ಗ್ರೀಕರ ದೇವರುಗಳಿಗೆಲ್ಲ ಅರಸ, ಅವನ ಮಗ. "ಅಪ್ಪಾ, ಗೆದ್ದರೆ ಈ ದ್ವೀಪದ ಎತ್ತೊಂದು ನಿನಗೆ" ಎಂದು ಹರಕೆ ಹೊತ್ತು ಕಡಲಿಗೆ ಹಾರಿದ. ಹಾವಿನ ಕೊರಳು ಹಿಚುಕಿ ಕೊಂದ. ಚರ್ಮ ಸುಲಿದು ಹೆಗಲಿಗೆ ಹಾಕಿಕೊಂಡ. ಊರಿನವರು ಅವನನ್ನು ಹೊತ್ತು ಕುಣಿದರು. ಕುಣಿತ ಮುಗಿದ ಮೇಲೆ ಹರಕೆಯ ನೆನಪಾಯಿತು. ಉಳಿದಿದ್ದ ಎತ್ತು ಒಂದೇ.

ಪೂಜಾರಿಯನ್ನು ಮುಂದಿಟ್ಟುಕೊಂಡು ಎಲ್ಲರೂ ಗಾಣದ ಮನೆಗೆ ಬಂದರು.

"ಹರಕೆ ಹೊತ್ತವನು ನೀನು, ಎತ್ತು ನನ್ನದು. ಇದು ಯಾವ ನ್ಯಾಯವಪ್ಪಾ?" ಎಂದಳು ಗಾಣದವಳು.

"ಊರು ಉಳಿಸಿದ್ದೇನೆ ತಾಯಿ. ದೇವರ ಪಾಲಾಗುವುದೆಂದರೆ ಎತ್ತಿಗೂ ಪುಣ್ಯ," ಎಂದ ವೀರ.

"ಅಷ್ಟು ಪುಣ್ಯವಿದ್ದರೆ ನೀನೇ ಹೋಗು."

"ಎರಡು ದಿನ ಗಾಣ ನೀನೇ ಸುತ್ತು ಅಕ್ಕಾ, ಮೈ ಕರಗುತ್ತದೆ," ಎಂದು ಹಿಂದಿನಿಂದ ಬೆಸ್ತನೊಬ್ಬ ಕೂಗಿದ. ಎಲ್ಲರೂ ನಕ್ಕರು. ನಗುತ್ತಲೇ ಎತ್ತನ್ನು ಬಲಿಕಲ್ಲಿನ ಬಳಿಗೆ ಎಳೆದೊಯ್ದರು. ಅವಳು ಮೂಗುದಾರ ಬಿಡದೆ ಜೊತೆಗೇ ಹೋದಳು.

ಆ ನಾಡಿನಲ್ಲಿ ಒಂದು ಪದ್ಧತಿ. ಒಪ್ಪದ ಪ್ರಾಣಿಯನ್ನು ಬಲಿ ಕೊಡುವಂತಿಲ್ಲ. ಕೊಟ್ಟರೆ ಅದು ಬಲಿಯಲ್ಲ, ಕೊಲೆ, ದೇವರು ಮುಟ್ಟುವುದಿಲ್ಲ. ಸರಿ, ಎತ್ತಿನ ಒಪ್ಪಿಗೆ ಕೇಳುವುದು ಹೇಗೆ? ತಲೆಯ ಮೇಲೆ ನೀರು ಹಾಕುತ್ತಾರೆ. ಅದು ತಲೆಯಾಡಿಸಿದರೆ ಒಪ್ಪಿತು ಎಂದು ಅರ್ಥ. ನಮ್ಮ ಕಡೆ ಮಾರಿಯ ಮುಂದೆ ಕುರಿಗೆ ನೀರು ಹಾಕಿ, ಯಾವಾಗ ಮೈ ಒದರುತ್ತದೋ ಎಂದು ಕಾಯುವುದಿಲ್ಲವೇ, ಹಾಗೆಯೇ.

ಪೂಜಾರಿ ತಂಬಿಗೆ ಬಗ್ಗಿಸಿದ. ನೀರು ಎತ್ತಿನ ಕಿವಿಗೆ ಇಳಿಯಿತು. ಎತ್ತು ತಲೆ ಕೊಡವಿತು.

"ಒಪ್ಪಿತು! ಒಪ್ಪಿತು!" ಎಂದು ಊರು ಕೂಗಿತು.

ಪೂಜಾರಿ ತಂಬಿಗೆ ಕೆಳಗಿಟ್ಟು ಕತ್ತಿಗೆ ಕೈ ಹಾಕಿದ. ಗಾಣದವಳು ಎತ್ತಿನ ಕೊರಳು ತಬ್ಬಿ ನಿಂತಳು. ಅದರ ಉಸಿರು ಅವಳ ಕೆನ್ನೆಗೆ ಬಿಸಿಯಾಗಿ ತಾಗುತ್ತಿತ್ತು. ಅಳು ಬಂತು. ಅತ್ತರೆ ಇವರು ಅದನ್ನೂ ಒಪ್ಪಿಗೆ ಎಂದಾರು ಎನಿಸಿ ನುಂಗಿಕೊಂಡಳು.

"ಅದು ಒಪ್ಪಲಿಲ್ಲ. ಕಿವಿಯ ನೀರು ಕೊಡವಿಕೊಂಡಿತು, ಅಷ್ಟೇ," ಎಂದಳು.

"ತಾತನ ಕಾಲದಿಂದ ಇದನ್ನೇ ಒಪ್ಪಿಗೆ ಎನ್ನುತ್ತಾರೆ. ಅನುಮಾನವಿದ್ದರೆ ನಮ್ಮಪ್ಪನನ್ನೇ ಕೇಳು," ಎಂದ ವೀರ.

"ಕರಿ ನಿಮ್ಮಪ್ಪನನ್ನ."

ವೀರ ಸುಮ್ಮನೆ ಆಡಿದ ಮಾತು ಅದು. ಆದರೆ ಬಲಿ ಸುಡುವಾಗ ಏಳುವ ಮಾಂಸದ ಹೊಗೆಗೆ ಆಸೆಪಟ್ಟು ಮೋಡದ ಅಂಚಿನಲ್ಲೇ ಕೂತಿದ್ದ ಜ್ಯೂಸ್, ಕರೆದರೆಂದು ಇಳಿದೇಬಿಟ್ಟ. ಒಂದು ಕಾಲು ಇಟ್ಟ, ಗುಡ್ಡ ತಗ್ಗಾಯಿತು. ಇನ್ನೊಂದು ಕಾಲಿಗೆ ದ್ವೀಪದಲ್ಲಿ ಜಾಗ ಸಾಲದೆ ಅದನ್ನು ಕಡಲಿನಲ್ಲಿ ಇಟ್ಟ. ಮನುಷ್ಯರ ಮಾತು ಕೇಳಿಸಲಿ ಎಂದು ಬಗ್ಗಿ, ಗದ್ದವನ್ನು ಬಲಿಕಲ್ಲಿನ ಮೇಲೆ ಊರಿದ. ಊರಿಗೆ ಊರೇ ಮಣ್ಣಿಗೆ ಮುಖ ಹಚ್ಚಿ ಅಡ್ಡಬಿದ್ದಿತು. ನಿಂತಿದ್ದವರು ಅವಳು ಮತ್ತು ಎತ್ತು.

"ಎತ್ತು ತಲೆಯಾಡಿಸಿದ್ದನ್ನು ನಾನೇ ನೋಡಿದೆ," ಎಂದ ಜ್ಯೂಸ್. "ಆಡಿಸಿದರೆ ಆಯಿತು, ಮುಗಿಯಿತು. ನಾನು ಒಮ್ಮೆ ತಲೆಯಾಡಿಸಿದರೆ ನಾನೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ. ನನಗೇ ಇರುವ ಕಟ್ಟಳೆ ನಿನ್ನ ಎತ್ತಿಗೆ ಬೇಡವೇ?"

ಗಾಣದವಳು ಬಗ್ಗಿ ಪೂಜಾರಿಯ ತಂಬಿಗೆ ಎತ್ತಿಕೊಂಡಳು.

"ಹಾಗಾದರೆ ನಿನ್ನನ್ನೂ ಒಂದು ಮಾತು ಕೇಳುತ್ತೇನೆ ಸ್ವಾಮಿ. ಎತ್ತಿನ ಬದಲು ಈ ಕಲ್ಲಿನ ಮೇಲೆ ನಿನ್ನ ಕತ್ತು ಕೊಡುತ್ತೀಯಾ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಉಳಿದಿದ್ದ ನೀರನ್ನು ಅವನ ಕಿವಿಗೆ ಹೊಯ್ದಳು.

ಜ್ಯೂಸ್ ತಲೆ ಕೊಡವಿದ. ಗಡ್ಡದಿಂದ ಆಲಿಕಲ್ಲು ಉದುರಿತು. ದಡದಲ್ಲಿದ್ದ ದೋಣಿಗಳು ಹಾರಿ ಮರದ ಮೇಲೆ ಕೂತವು. ಆಚೆ ದ್ವೀಪದಲ್ಲಿ ಮಲಗಿದ್ದವರು ಮಂಚದಿಂದ ಬಿದ್ದರು. ಇಲ್ಲಿ ಅಡ್ಡಬಿದ್ದಿದ್ದ ಜನ ಮುಖವನ್ನೂ ಎತ್ತದೆ, ರೂಢಿಯಂತೆ ಕೂಗಿದರು:

"ಒಪ್ಪಿದ! ಒಪ್ಪಿದ!"

"ಯಾರೋ ಅದು ಕೂಗಿದ್ದು? ಕಿವಿಗೆ ನೀರು ಹೋಯಿತು ಕಣ್ರೋ!" ಎಂದು ಜ್ಯೂಸ್ ಗುಡುಗಿದ.

"ಎತ್ತಿನ ಕಿವಿಗೂ ನೀರೇ ಹೋಗಿದ್ದು. ಅದಕ್ಕೆ ಹೇಳಲು ಮಾತಿರಲಿಲ್ಲ, ನಿನಗಿದೆ," ಎಂದಳು ಗಾಣದವಳು.

ಜ್ಯೂಸ್ ಸಿಡಿಲು ಎತ್ತಿದ. ಅವಳು ಕಣ್ಣು ಮುಚ್ಚಲಿಲ್ಲ.

"ಹೊಡಿ. ನನ್ನನ್ನೂ ಹೊಡಿ, ಎತ್ತನ್ನೂ ಹೊಡಿ. ನಿನ್ನ ಕೈಲಿ ಆಗುತ್ತದೆ. ಆದರೆ ಬಲಿ ಎಂದು ಮಾತ್ರ ಹೇಳಬೇಡ. ನಾವಿಬ್ಬರೂ ಒಪ್ಪಿಲ್ಲ."

ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಕೊಡವಿದ್ದು ಒಪ್ಪಿಗೆ ಎಂದರೆ, ಅವನ ಕತ್ತು ಆಗಲೇ ಕಲ್ಲಿನ ಮೇಲಿತ್ತು. ಅಲ್ಲ ಎಂದರೆ ಎತ್ತು ಅವಳದು. ಜ್ಯೂಸ್ ಒಮ್ಮೆ ಕತ್ತಿಯನ್ನು ನೋಡಿದ, ಒಮ್ಮೆ ಜನರನ್ನು ನೋಡಿದ. ಆಮೇಲೆ ಮೆಲ್ಲಗೆ ಗದ್ದವನ್ನು ಕಲ್ಲಿನಿಂದ ಎತ್ತಿಕೊಂಡ. ಕೈಯಲ್ಲಿದ್ದ ಸಿಡಿಲನ್ನು ಕಡಲಿಗೆ ಎಸೆದ. ಬೆಂದ ಮೀನು ರಾಶಿರಾಶಿಯಾಗಿ ದಡಕ್ಕೆ ಬಂದು ಬಿತ್ತು.

"ಇನ್ನು ಮೇಲೆ ಹರಕೆ ಹೊರುವಾಗ ನಿನ್ನದನ್ನು ಹೊರು," ಎಂದು ಮಗನಿಗೆ ಹೇಳಿ ಮೇಲೆ ಹೋದ. ವೀರ ಹೆಗಲ ಮೇಲಿನ ಹಾವಿನ ಚರ್ಮವನ್ನು ಸರಿಮಾಡಿಕೊಳ್ಳುತ್ತಾ ನಿಂತ. ಗಾಣದವಳು ಹೊದ್ದ ಬಟ್ಟೆಯ ತುದಿಯಿಂದ ಎತ್ತಿನ ಕಿವಿ ಒರೆಸಿ, ಅದನ್ನು ಮನೆಗೆ ಹೊಡೆದುಕೊಂಡು ಹೋದಳು.

ಗುರು ಅಲ್ಲಿಗೆ ನಿಲ್ಲಿಸಿದರು.

"ಆ ಪದ್ಧತಿ ಅಂದೇ ನಿಂತುಹೋಯಿತೇ?" ಎಂದು ಶಿಷ್ಯ ಕೇಳಿದ.

"ಎಲ್ಲಿ ನಿಲ್ಲುತ್ತದೆ? ಆಚೆ ದ್ವೀಪದಲ್ಲಿ ಮರುದಿನವೇ ನೀರು ಹಾಕಿದರು. ಹೋರಿ ತಲೆ ಕೊಡವಿತು. ಜನ ಕೂಗಿದರು."

"ಎಂಥ ಮಂಕು ಜನ ಗುರುಗಳೇ!" ಎಂದು ಶಿಷ್ಯ ನಕ್ಕ.

ಗುರು ನಗಲಿಲ್ಲ.

"ನೀನು ಇಲ್ಲಿಗೆ ಬಂದಾಗಿನಿಂದ ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತೀಯಲ್ಲ, ಅದು ಒಪ್ಪಿಗೆಯೋ, ನೀರೋ?"